ಡಾಕ್ಟರು ಬರೆದ ಬ್ರ್ಯಾಂಡ್ ಬಿಟ್ಟು ಆಸ್ಪತ್ರೆಯವರು ಬೇರೆ ಬ್ರ್ಯಾಂಡ್ ಕೊಡುವುದೇಕೆ?

ನಿಮ್ಮ ತಂದೆಯವರು ಅಡ್ಮಿಟ್ ಆಗಿದ್ದಾಗ ಡಾಕ್ಟರು ಬರೆದದ್ದು ಒಂದು ಬ್ರ್ಯಾಂಡ್, ಫಾರ್ಮಸಿಯವರು ಕೊಟ್ಟಿದ್ದು ಇನ್ನೊಂದು. ಕೇಳಿದರೆ "ನಮ್ಮ ಫಾರ್ಮ್ಯುಲರಿಯಲ್ಲಿ ಇರೋದು ಇದೇ" ಅಂದರು. ಈ ಪಟ್ಟಿ ಯಾರು ಮಾಡ್ತಾರೆ, ಡಾಕ್ಟರುಗಳು ಇದನ್ನು ಒಪ್ಪುತ್ತಾರಾ ಅಂತ ಕೇಳಿದ್ದೀರಿ.

ಒಪ್ಪುತ್ತಾರೆ, ಆದರೆ ಗೊಣಗಿಕೊಂಡೇ. ನಾನು ಖಾಸಗಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಆ ಗೊಣಗಾಟವೆಲ್ಲ ನಡೆಯುವ ಮೀಟಿಂಗಿನಲ್ಲಿ ಕೂರುವುದು ನನ್ನ ಕೆಲಸ.

ಫಾರ್ಮ್ಯುಲರಿ ಅಂದರೆ ಆಸ್ಪತ್ರೆ ತನ್ನಲ್ಲಿ ಇಟ್ಟುಕೊಳ್ಳುವ ಔಷಧಿಗಳ ಪಟ್ಟಿ. ಅದನ್ನು ಮಾಡುವುದು ಡ್ರಗ್ ಕಮಿಟಿ. ಮೆಡಿಸಿನ್, ಸರ್ಜರಿ, ಅನಸ್ತೇಶಿಯಾ, ಮಕ್ಕಳ ವಿಭಾಗದವರು, ಮೈಕ್ರೋಬಯಾಲಜಿಯವರು, ನರ್ಸಿಂಗ್ ಸೂಪರಿಂಟೆಂಡೆಂಟ್, ಫಾರ್ಮಸಿಯವರು, ಪರ್ಚೇಸ್‌ನವರು ಎಲ್ಲ ಇರುತ್ತಾರೆ. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್ ಅನ್ನುವ ಮಂಡಳಿಯ ಮಾನ್ಯತೆ ಬೇಕಾದರೆ ಇಂಥ ಪಟ್ಟಿ ಇರಲೇಬೇಕು.

ಅಲ್ಲಿ ಆಗುವ ತೀರ್ಮಾನ ಎರಡು. ಯಾವ ಔಷಧ ಬೇಕು ಅನ್ನೋದು ಒಂದು. ಅದನ್ನು ಯಾವ ಕಂಪನಿಯಿಂದ ಕೊಳ್ಳಬೇಕು ಅನ್ನೋದು ಇನ್ನೊಂದು. ಮೊದಲನೆಯದರಲ್ಲಿ ಜಗಳ ಕಡಿಮೆ. ಹೊಸ ಔಷಧ ಬೇಕು ಅನ್ನುವ ಡಾಕ್ಟರು ಒಂದು ಫಾರಂ ತುಂಬಬೇಕು. ಈಗಿರುವುದಕ್ಕಿಂತ ಇದು ಯಾವುದರಲ್ಲಿ ಮೇಲು, ದಿನಕ್ಕೆ ಎಷ್ಟು ಖರ್ಚು, ಆ ಕಂಪನಿಯಿಂದ ನೀವು ಏನಾದರೂ ಪಡೆದಿದ್ದೀರಾ? ಕೊನೆಯ ಪ್ರಶ್ನೆಗೆ ಎಲ್ಲರೂ "ಇಲ್ಲ" ಅಂತಲೇ ಬರೆಯುತ್ತಾರೆ, ಅದು ಬಿಡಿ.

ಕಷ್ಟ ಬರುವುದು ಪಟ್ಟಿಯಿಂದ ತೆಗೆಯುವಾಗ. ಸೆರಾಶಿಯೋಪೆಪ್ಟಿಡೇಸ್ ಗೊತ್ತಲ್ವಾ? ಹಲ್ಲು ಕಿತ್ತರೂ, ಕಾಲು ಉಳುಕಿದರೂ ಊತ ಇಳಿಯಲಿ ಅಂತ ಬರೆಯುವ ಮಾತ್ರೆ. ಸುಮ್ಮನೆ ಕೊಟ್ಟ ಹುಸಿಮಾತ್ರೆಗಿಂತ ಇದು ಮೇಲು ಅಂತ ಪ್ರಯೋಗದಲ್ಲಿ ತೋರಿಸಲಾಗದೆ, ಜಪಾನಿನ ಟಕೇಡಾ ಕಂಪನಿ 2011ರಲ್ಲಿ ತನ್ನದನ್ನು ಅಲ್ಲಿನ ಮಾರುಕಟ್ಟೆಯಿಂದ ತಾನೇ ವಾಪಸ್ ತೆಗೆದುಕೊಂಡಿತು. ನಮ್ಮಲ್ಲಿ ಇನ್ನೂ ಧಾರಾಳವಾಗಿ ಓಡುತ್ತಿದೆ. ತೆಗೆಯೋಣ ಅಂದರೆ "ನನ್ನ ಪೇಷಂಟ್‌ಗಳಿಗೆ ಕೆಲಸ ಮಾಡ್ತಿದೆ" ಅನ್ನುವ ಉತ್ತರ ಬರುತ್ತದೆ. ಅನುಭವದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಉಳುಕಿದ ಕಾಲಿನ ಊತ ಮಾತ್ರೆ ಇಲ್ಲದಿದ್ದರೂ ವಾರದಲ್ಲಿ ಇಳಿಯುತ್ತದೆ, ಅಲ್ವಾ?

ಇನ್ನು ಬ್ರ್ಯಾಂಡ್. ನಿಮ್ಮ ಪ್ರಶ್ನೆ ಇರುವುದೇ ಇಲ್ಲಿ.

ಕೇಂದ್ರ ಸರ್ಕಾರದ ಅಗತ್ಯ ಔಷಧಗಳ ಪಟ್ಟಿ ಒಂದಿದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಅವಕ್ಕೆ 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಗರಿಷ್ಠ ಬೆಲೆ ಕಟ್ಟುತ್ತಾರೆ. ಆ ಪಟ್ಟಿಯ ಹೊರಗಿನದಕ್ಕೆ ಎಂಆರ್‌ಪಿ ಹಾಕುವುದು ಕಂಪನಿಯೇ. ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬಾರದು, ಅಷ್ಟೇ. ಹಾಗಾಗಿ ಒಂದೇ ಇಂಜೆಕ್ಷನ್‌ಗೆ ಎರಡು ಕಂಪನಿಗಳು ಕೊಟೇಶನ್ ಕೊಟ್ಟವು ಅಂದುಕೊಳ್ಳಿ. ಒಂದು ಆಸ್ಪತ್ರೆಗೆ 100 ರೂಪಾಯಿಗೆ ಕೊಡುತ್ತದೆ, ಎಂಆರ್‌ಪಿ 200. ಇನ್ನೊಂದು 110ಕ್ಕೆ ಕೊಡುತ್ತದೆ, ಎಂಆರ್‌ಪಿ 600. ರೋಗಿಯ ಬಿಲ್ಲಿಗೆ ಬರುವುದು ಎಂಆರ್‌ಪಿ. ರೋಗಿಗೆ ಯಾವುದು ಒಳ್ಳೆಯದು ಅಂತ ಹೇಳಬೇಕಾಗಿಲ್ಲ. ಆಸ್ಪತ್ರೆಯ ಲೆಕ್ಕಕ್ಕೆ ಯಾವುದು ಒಳ್ಳೆಯದು ಅಂತಲೂ ಹೇಳಬೇಕಾಗಿಲ್ಲ. ದೆಹಲಿ ಸುತ್ತಮುತ್ತಲಿನ ದೊಡ್ಡ ಖಾಸಗಿ ಆಸ್ಪತ್ರೆಗಳ ಬಿಲ್‌ಗಳನ್ನು ಔಷಧ ಬೆಲೆ ಪ್ರಾಧಿಕಾರ 2018ರಲ್ಲಿ ತೆಗೆದು ನೋಡಿದಾಗ, ಕೆಲವು ಸಾಮಾನುಗಳ ಮೇಲಿನ ಲಾಭ ಶೇ 1,700 ದಾಟಿತ್ತು.

ಅದಕ್ಕೇ ನಾನು ಮೀಟಿಂಗಿನಲ್ಲಿ ಕೊಟೇಶನ್ ಹಾಳೆಯಲ್ಲಿ ಎಂಆರ್‌ಪಿ ಕಾಲಂ ಇರಲೇಬೇಕು ಅಂತ ಹಟ ಮಾಡುತ್ತೇನೆ. ಅದು ಕಣ್ಣೆದುರಿಗೆ ಇದ್ದರೆ ಡಾಕ್ಟರುಗಳೇ ಕೇಳುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ತಾವು ಬರೆಯುವ ಔಷಧಿಯ ಬೆಲೆಯೇ ಗೊತ್ತಿರುವುದಿಲ್ಲ.

ಹಾಗಂತ ಅಗ್ಗದ್ದನ್ನೇ ತನ್ನಿ ಅಂದರೆ ಡಾಕ್ಟರುಗಳು ಹಿಂಜರಿಯುತ್ತಾರೆ. ಅದು ಬರೀ ಕಮಿಷನ್ ಆಸೆ ಅಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಮೊದಲ ಅನುಮಾನ ಬಿದ್ದದ್ದು ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದಾದ ಮೇಲೆ "ಇದು ಯಾವ ಕಂಪನಿಯದು?" ಅನ್ನುವ ಪ್ರಶ್ನೆ ಆಪರೇಷನ್ ಥಿಯೇಟರಿನಲ್ಲಿ ಜಾಸ್ತಿಯಾಯಿತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಡಾಕ್ಟರುಗಳು ಬ್ರ್ಯಾಂಡ್ ಬಿಟ್ಟು ಜನರಿಕ್ ಹೆಸರನ್ನೇ, ಅಂದರೆ ಒಳಗಿನ ಔಷಧದ ಹೆಸರನ್ನೇ ಬರೆಯಬೇಕು ಅಂತ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ಗುಣಮಟ್ಟಕ್ಕೆ ಗ್ಯಾರಂಟಿ ಯಾರು ಅಂತ ಡಾಕ್ಟರುಗಳ ಸಂಘದವರು ಆಗಲೂ ಕೇಳಿದ್ದರು. ನನ್ನ ಪ್ರಕಾರ ಪ್ರಶ್ನೆ ಸರಿ. ಆದರೆ ದುಬಾರಿ ಬ್ರ್ಯಾಂಡ್ ಅದಕ್ಕೆ ಉತ್ತರ ಅಲ್ಲ. ಬ್ಯಾಚ್ ಪ್ರಕಾರ ಟೆಸ್ಟ್ ರಿಪೋರ್ಟ್ ತರಿಸಿ ನೋಡಬೇಕು. ಸರ್ಕಾರ ತಿಂಗಳು ತಿಂಗಳು ಬಿಡುವ ಕಳಪೆ ಔಷಧಗಳ ಪಟ್ಟಿಯ ಜೊತೆ ನಮ್ಮ ಸ್ಟಾಕ್ ತಾಳೆ ಹಾಕಬೇಕು. ಬೇಜಾರಿನ ಕೆಲಸ, ಆದರೆ ಮಾಡಬಹುದಾದ್ದು.

ಕಮಿಟಿಯಲ್ಲಿ ಕಮ್ಮಿ ಮಾತಾಡುವವರು ನರ್ಸ್‌ಗಳು. ಮೀಟಿಂಗಿನಲ್ಲಿ ಸಿಸ್ಟರ್ ಒಬ್ಬರು ಎರಡು ಆಂಪೂಲ್ (ಇಂಜೆಕ್ಷನ್ ಔಷಧದ ಪುಟ್ಟ ಸೀಸೆ) ತಂದು ಮೇಜಿನ ಮೇಲಿಟ್ಟರು. ಒಂದು ವಾಂತಿ ನಿಲ್ಲಿಸುವುದು, ಇನ್ನೊಂದು ಪೊಟ್ಯಾಸಿಯಂ ಕ್ಲೋರೈಡ್. ಗಾತ್ರ ಬೇರೆ ಅನ್ನೋದು ಬಿಟ್ಟರೆ ಬಣ್ಣ, ಅಕ್ಷರ, ಲೇಬಲ್ಲಿನ ಗೆರೆ ಎಲ್ಲ ಒಂದೇ ಥರ. ಪೊಟ್ಯಾಸಿಯಂ ಬೆರೆಸದೆ ನೇರ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲಬಹುದು. "ರಾತ್ರಿ ಮೂರು ಗಂಟೆಗೆ ಟ್ಯೂಬ್‌ಲೈಟ್ ಬೆಳಕಲ್ಲಿ ಓದಿ ನೋಡಿ ಸಾರ್" ಅಂದರು. ಕೊಟೇಶನ್ನಿನಲ್ಲಿ ಅತಿ ಕಡಿಮೆ ರೇಟ್ ವಾಂತಿ ನಿಲ್ಲಿಸುವ ಆ ಬ್ರ್ಯಾಂಡಿನದ್ದೇ. ಆದರೂ ಆ ಬ್ರ್ಯಾಂಡ್ ಅವತ್ತೇ ಹೊರಗೆ ಹೋಯಿತು. ವಾರ್ಡ್‌ಗಳ ಕಪಾಟಿನಿಂದ ಪೊಟ್ಯಾಸಿಯಂ ಕೂಡ.

ನಿಮ್ಮ ವಿಷಯಕ್ಕೆ ಬರ್ತೀನಿ. ಒಳರೋಗಿಗಳಿಗೆ ಬ್ರ್ಯಾಂಡ್ ಬದಲಿಸಲು ಕಮಿಟಿಯಲ್ಲಿ ಡಾಕ್ಟರುಗಳು ಮೊದಲೇ ಒಪ್ಪಿಗೆ ಕೊಟ್ಟಿರುತ್ತಾರೆ. ಹೊರಗಿನ ಮೆಡಿಕಲ್ ಶಾಪ್‌ನವರು ಚೀಟಿಯ ಮೇಲೆ ಕೊಡಬೇಕಾದ ಔಷಧಿಗಳನ್ನು ಹಾಗೆ ಬದಲಿಸುವಂತಿಲ್ಲ. ಒಳಗಿನ ಔಷಧದ ಹೆಸರು, ಮಿಲಿಗ್ರಾಂ ಎರಡೂ ಅದೇ ಇದ್ದರೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಫಿಟ್ಸ್‌ಗೆ ಫೆನಿಟಾಯಿನ್, ಥೈರಾಯ್ಡ್ ಮಾತ್ರೆ, ಕಿಡ್ನಿ ಕಸಿ ಆದವರ ಟ್ಯಾಕ್ರೋಲಿಮಸ್ ಇಂಥವುಗಳಲ್ಲಿ ಬ್ರ್ಯಾಂಡ್ ಬದಲಾದರೆ ರಕ್ತದಲ್ಲಿನ ಮಟ್ಟ ಏರುಪೇರಾಗಬಹುದು. ತಂದೆಯವರು ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಮನೆಯ ಸ್ಟ್ರಿಪ್ಪನ್ನೇ ಜೊತೆಗೆ ಒಯ್ದು, ಅಡ್ಮಿಟ್ ಮಾಡುವಾಗಲೇ ಡ್ಯೂಟಿ ಡಾಕ್ಟರಿಗೆ ತೋರಿಸಿ, ಅದೇ ಬ್ರ್ಯಾಂಡ್ ಮುಂದುವರಿಸಿ ಅಂತ ಕೇಸ್ ಶೀಟಿನಲ್ಲಿ ಬರೆಸಿ.