ಕುಕಿ ಅಳಿಸಿದರೂ ಮತ್ತೆ ಹುಟ್ಟಿ ಬರುವುದೇಕೆ? ತಡೆಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ವಾರಕ್ಕೊಮ್ಮೆ ಕುಕಿಗಳನ್ನೆಲ್ಲ (ನಿಮ್ಮನ್ನು ಗುರುತಿಸಲು ವೆಬ್‌ಸೈಟುಗಳು ಬ್ರೌಸರಿನಲ್ಲಿ ಬರೆದಿಡುವ ಪುಟ್ಟ ಟಿಪ್ಪಣಿಗಳನ್ನು) ಅಳಿಸುತ್ತೀರಿ, ಆದರೂ ಒಂದೇ ಒಂದು ಸಲ ನೋಡಿದ ಮಿಕ್ಸಿಯ ಜಾಹೀರಾತು ಸುದ್ದಿಯ ಪುಟದಲ್ಲೂ ಅಡುಗೆಯ ಪುಟದಲ್ಲೂ ಬೆನ್ನು ಬಿಡುತ್ತಿಲ್ಲ. ಇದನ್ನು ಬಹುಮಟ್ಟಿಗೆ ನಿಲ್ಲಿಸಬಹುದು, ಆದರೆ ಅಳಿಸಿ ಅಳಿಸಿ ಅಲ್ಲ. ಹೊಲದ ಜೇಕನ್ನು ಮೇಲಿನಿಂದ ಕಿತ್ತರೆ ಗಡ್ಡೆ ಮಣ್ಣಲ್ಲೇ ಉಳಿದು ನಾಲ್ಕು ದಿನಕ್ಕೆ ಮತ್ತೆ ಚಿಗುರುತ್ತದೆ. ನಿಮ್ಮ ಬ್ರೌಸರಿನಲ್ಲಿ ಆ ಗಡ್ಡೆ ಎಲ್ಲಿದೆ ಎಂಬುದನ್ನು ಮೊದಲು ಪತ್ತೆ ಮಾಡಿ.

ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ಯಾವುದಾದರೂ ಸುದ್ದಿ ಅಥವಾ ಅಂಗಡಿಯ ವೆಬ್‌ಸೈಟಿಗೆ ಹೋಗಿ ಎಫ್12 ಒತ್ತಿ. ಕೆಳಗೋ ಪಕ್ಕದಲ್ಲೋ ತೆರೆಯುವ ಕಿಟಕಿಯಲ್ಲಿ 'ಅಪ್ಲಿಕೇಶನ್' ಟ್ಯಾಬ್ ಆರಿಸಿ, ಎಡಗಡೆ 'ಕುಕೀಸ್' ಬಿಡಿಸಿ ನೋಡಿ. ಫೈರ್‌ಫಾಕ್ಸ್ ಆದರೆ ಶಿಫ್ಟ್ ಜೊತೆ ಎಫ್9 ಒತ್ತಿದರೆ 'ಸ್ಟೋರೇಜ್' ನೇರವಾಗಿ ಬರುತ್ತದೆ. ಗೂಗಲ್ ಅನಲಿಟಿಕ್ಸ್ (ಸೈಟಿಗೆ ಬಂದವರ ಲೆಕ್ಕ ಇಡುವ ಸೇವೆ) ಬಳಸುವ ಸೈಟಾದರೆ ಅಂಡರ್‌ಸ್ಕೋರಿನ ಮುಂದೆ 'ಜಿಎ' ಎಂಬ ಹೆಸರಿನ ಕುಕಿ ಸಿಗುತ್ತದೆ. ಅದರ 'ವ್ಯಾಲ್ಯೂ' ಅಂಕಣದಲ್ಲಿ ಚುಕ್ಕೆಗಳ ನಡುವೆ ನಾಲ್ಕು ಭಾಗ. ಮೂರನೆಯದು ನಿಮಗೆ ಕೊಟ್ಟ ಯಾದೃಚ್ಛಿಕ ಸಂಖ್ಯೆ. ನಾಲ್ಕನೆಯದು ನೀವು ಆ ಸೈಟಿಗೆ ಮೊದಲ ಸಲ ಬಂದ ಹೊತ್ತು, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಈ ಎರಡನ್ನೂ ಬರೆದಿಟ್ಟುಕೊಂಡು, ನೀವು ಎಂದಿನಂತೆ ಅಳಿಸುವ ಕ್ರಮದಲ್ಲೇ ಅಳಿಸಿ, ಸೈಟನ್ನು ಮತ್ತೆ ತೆರೆಯಿರಿ. ಎರಡು ಸಂಖ್ಯೆಗಳೂ ಬದಲಾಗಿದ್ದರೆ ಅಳಿಸಿದ್ದು ನಿಜಕ್ಕೂ ಅಳಿದಿದೆ, ಜಾಹೀರಾತು ಬೇರೆ ದಾರಿಯಿಂದ ಬರುತ್ತಿದೆ. ಹಳೆಯವೇ ಉಳಿದಿದ್ದರೆ ಯಾವುದೋ ಒಂದು ಜಾಗದಿಂದ ಅದು ಮರುಹುಟ್ಟು ಪಡೆಯುತ್ತಿದೆ, ಇಲ್ಲವೇ ಅಳಿಸಿಯೇ ಇಲ್ಲ.

ಅಳಿಸಿಯೇ ಇಲ್ಲದಿರುವುದು ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಸಾಮಾನ್ಯ. ಕಂಟ್ರೋಲ್, ಶಿಫ್ಟ್, ಡಿಲೀಟ್ ಒಟ್ಟಿಗೆ ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ ಕಾಲಾವಧಿ 'ಲಾಸ್ಟ್ ಅವರ್' ಎಂದೇ ಇದ್ದು, ಜನ ಹಾಗೇ ಒತ್ತಿಬಿಡುತ್ತಾರೆ. ಅದು 'ಆಲ್ ಟೈಮ್' ಆಗಿರಬೇಕು. ಎರಡನೆಯ ತಪ್ಪು, ಟ್ಯಾಬುಗಳನ್ನು ತೆರೆದಿಟ್ಟೇ ಅಳಿಸುವುದು. ತೆರೆದ ಪುಟದ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ) ತನ್ನ ನೆನಪಿನಲ್ಲಿರುವ ಅದೇ ಸಂಖ್ಯೆಯನ್ನು ಮರುಕ್ಷಣವೇ ಹೊಸ ಕುಕಿಯಾಗಿ ಬರೆಯಬಲ್ಲದು. ಎಲ್ಲ ಟ್ಯಾಬ್ ಮುಚ್ಚಿ, ಒಂದು ಖಾಲಿ ಟ್ಯಾಬ್ ಮಾತ್ರ ಉಳಿಸಿಕೊಂಡು ಅಳಿಸಿ. ಮೂರನೆಯದು, ಕ್ರೋಮಿನ 'ಕಂಟಿನ್ಯೂ ವೇರ್ ಯು ಲೆಫ್ಟ್ ಆಫ್'. ಇದು ಚಾಲೂ ಇದ್ದರೆ ಬ್ರೌಸರ್ ಮುಚ್ಚಿದಾಗ ಸಾಯಬೇಕಾದ ಸೆಶನ್ ಕುಕಿಗಳೂ ಮರುದಿನ ಹಾಗೇ ಎದ್ದು ಕೂರುತ್ತವೆ.

ಇನ್ನು ನಿಜವಾದ ಮರುಹುಟ್ಟಿನ ಮಾತು. 2010ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಪ್ರೋಗ್ರಾಮರ್ 'ಎವರ್‌ಕುಕಿ' ಎಂಬುದನ್ನು ಬರೆದು ತೋರಿಸಿದರು. ಒಂದೇ ಗುರುತಿನ ಸಂಖ್ಯೆಯನ್ನು ಬ್ರೌಸರಿನ ಹತ್ತಾರು ಮೂಲೆಗಳಲ್ಲಿ ಬಚ್ಚಿಡುವುದು, ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯಿಂದ ನಕಲು ಮಾಡಿ ತುಂಬುವುದು, ಇಷ್ಟೇ ಅದರ ಕೆಲಸ. ಆಗಿನ ದೊಡ್ಡ ಅಡಗುತಾಣ, ವಿಡಿಯೊ ಮತ್ತು ಆಟಗಳಿಗೆಂದು ಬ್ರೌಸರಿಗೆ ಸೇರಿಸುತ್ತಿದ್ದ ಫ್ಲ್ಯಾಶ್. 2020ರ ಕೊನೆಗೆ ಫ್ಲ್ಯಾಶ್ ನಿಂತ ಮೇಲೆ ಆ ಬಾಗಿಲು ಮುಚ್ಚಿತು. ಲೋಕಲ್ ಸ್ಟೋರೇಜ್, ಇಂಡೆಕ್ಸ್ಡ್ ಡಿಬಿ (ಎರಡೂ ಸೈಟುಗಳು ಬ್ರೌಸರಿನಲ್ಲಿ ಮಾಹಿತಿ ಇಡುವ ಜಾಗಗಳು), ಬ್ರೌಸರಿನ ಕ್ಯಾಶ್ (ಮತ್ತೆ ಬೇಕಾದೀತೆಂದು ಇಟ್ಟುಕೊಂಡ ಕಡತಗಳು) ಮುಂತಾದವು ಉಳಿದಿವೆ.

ಕ್ಯಾಶ್ ಮೂಲಕ ಗುರುತು ಹಿಡಿಯುವುದು ಹೇಗೆಂದರೆ: ಸರ್ವರ್ ಒಂದು ಪುಟ್ಟ ಚಿತ್ರ ಕಳಿಸುವಾಗ 'ಇದರ ಆವೃತ್ತಿ ಇದು' ಎಂದು 'ಈಟ್ಯಾಗ್' ಎಂಬ ಚೀಟಿ ಅಂಟಿಸುತ್ತದೆ. ಮುಂದಿನ ಸಲ ಬ್ರೌಸರ್ ಆ ಚೀಟಿಯನ್ನೇ ಹಿಂದಕ್ಕೆ ತೋರಿಸಿ 'ನನ್ನ ಹತ್ತಿರ ಇದು ಇದೆ, ಬದಲಾಗಿದೆಯೇ?' ಎಂದು ಕೇಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಚೀಟಿ ಕೊಟ್ಟರೆ ಸಾಕು, ಅದೇ ಕುಕಿ. ಇದಕ್ಕಿಂತ ಜಾಣತನದ್ದು ಎಚ್‌ಎಸ್‌ಟಿಎಸ್ ಉಪಾಯ. 'ಈ ಸೈಟನ್ನು ಇನ್ನು ಮೇಲೆ ಸುರಕ್ಷಿತ ಸಂಪರ್ಕದಲ್ಲೇ ತೆರೆ' ಎಂಬ ಸೂಚನೆಯನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ಟ್ರ್ಯಾಕರ್ (ಸೈಟಿಂದ ಸೈಟಿಗೆ ನಿಮ್ಮ ಜಾಡು ಹಿಡಿಯುವವನು) ತನ್ನ 32 ಉಪಡೊಮೈನುಗಳಲ್ಲಿ (ಒಂದೇ ವಿಳಾಸದ ಕೆಳಗಿನ ಕಿರುವಿಳಾಸಗಳಲ್ಲಿ) ಕೆಲವಕ್ಕೆ ಮಾತ್ರ ಈ ಸೂಚನೆ ಕೊಟ್ಟರೆ ಹೌದು-ಅಲ್ಲಗಳ ಸಾಲಿನಿಂದ 32 ಬಿಟ್‌ನ ಸಂಖ್ಯೆಯೊಂದು ನಿಮ್ಮ ಬ್ರೌಸರಿನಲ್ಲಿ ಬರೆದಂತಾಯಿತು. ನಮ್ಮ ರಕ್ಷಣೆಗೆಂದು ಮಾಡಿದ ಸೌಲಭ್ಯವನ್ನೇ ನಮ್ಮ ಮೇಲೆ ತಿರುಗಿಸುವ ಈ ಬಗೆ ನನಗೆ ಎಲ್ಲಕ್ಕಿಂತ ನೀಚವಾಗಿ ಕಾಣುತ್ತದೆ.

ಇವಕ್ಕೆ ನೀವು ಒಂದೊಂದಾಗಿ ಮದ್ದು ಹುಡುಕಬೇಕಿಲ್ಲ. ಕ್ರೋಮ್ 2020ರ ಅಕ್ಟೋಬರಿನಲ್ಲಿ, ಫೈರ್‌ಫಾಕ್ಸ್ 2021ರ ಜನವರಿಯಲ್ಲಿ ಕ್ಯಾಶನ್ನು ಸೈಟಿನ ಪ್ರಕಾರ ಭಾಗ ಮಾಡಿದವು, ಹಾಗಾಗಿ ಒಂದು ಸೈಟಿನಲ್ಲಿ ಅಂಟಿಸಿದ ಚೀಟಿ ಇನ್ನೊಂದರಲ್ಲಿ ಕಾಣುವುದಿಲ್ಲ. ಅಪ್‌ಡೇಟ್ ನಿಂತುಹೋದ ಹಳೆಯ ಬ್ರೌಸರಿನಲ್ಲಿ ಈ ಯಾವ ರಕ್ಷಣೆಯೂ ಇರುವುದಿಲ್ಲ. ಅಪ್‌ಡೇಟ್ ಮಾಡಿ, ಆಗದಿದ್ದರೆ ಬ್ರೌಸರ್ ಬದಲಿಸಿ. ಒಂದು ಸೈಟಿನದ್ದನ್ನೆಲ್ಲ ಒಟ್ಟಿಗೆ ಕೀಳಬೇಕೆಂದರೆ ಕ್ರೋಮಿನ ಅದೇ ಎಫ್12 ಕಿಟಕಿಯಲ್ಲಿ 'ಅಪ್ಲಿಕೇಶನ್', 'ಸ್ಟೋರೇಜ್', 'ಕ್ಲಿಯರ್ ಸೈಟ್ ಡೇಟಾ'. ಪಕ್ಕದಲ್ಲಿರುವ 'ಇನ್‌ಕ್ಲೂಡಿಂಗ್ ಥರ್ಡ್ ಪಾರ್ಟಿ ಕುಕೀಸ್' ಚೌಕಕ್ಕೂ ಗುರುತು ಹಾಕಿ.

ಈಗ ಮುಖ್ಯ ಚಿಕಿತ್ಸೆ. ಕುಕಿ ಇರುವುದು ದೋಷವಲ್ಲ. 1994ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲ್ಲಿ ಅದನ್ನು ರೂಪಿಸಿದ್ದು, ನೆನಪೇ ಇಲ್ಲದ ವೆಬ್ಬಿಗೆ 'ಇವರು ಈಗತಾನೇ ಬಂದವರೇ' ಎಂದು ತಿಳಿಯಲಿ ಎಂದು. ನೂರು ಸೈಟುಗಳಲ್ಲಿ ಕೂತಿರುವ ಒಬ್ಬನೇ ಜಾಹೀರಾತಿನವನು ನೂರರಲ್ಲೂ ಒಂದೇ ಕುಕಿಯನ್ನು ಓದುವುದು ದೋಷ. ಆದ್ದರಿಂದ ಅಳಿಸುವುದಕ್ಕಿಂತ ಬೇರ್ಪಡಿಸುವುದು ಮೇಲು.

ಫೈರ್‌ಫಾಕ್ಸ್ 2022ರ ಜೂನಿನಿಂದ ಇದನ್ನು ತಾನಾಗಿಯೇ ಮಾಡುತ್ತದೆ. ಪ್ರತಿ ಸೈಟಿಗೂ ಒಂದೊಂದು ಡಬ್ಬಿ. ಅಲ್ಲಿ ಕೂತ ಟ್ರ್ಯಾಕರಿಗೆ ಆ ಡಬ್ಬಿಯಷ್ಟೇ ಕಾಣುತ್ತದೆ. ಸೆಟ್ಟಿಂಗ್ಸ್, 'ಪ್ರೈವಸಿ ಅಂಡ್ ಸೆಕ್ಯೂರಿಟಿ'ಗೆ ಹೋಗಿ 'ಸ್ಟ್ರಿಕ್ಟ್' ಆರಿಸಿದರೆ ತಡೆ ಇನ್ನಷ್ಟು ಬಿಗಿ. ಸಫಾರಿ 2020ರ ಮಾರ್ಚಿನಿಂದ ಹೊರಗಿನವರ ಕುಕಿಗಳನ್ನು (ನೀವು ತೆರೆದ ಸೈಟಿನದಲ್ಲದ, 'ಥರ್ಡ್ ಪಾರ್ಟಿ' ಕುಕಿಗಳನ್ನು) ಪೂರ್ತಿ ತಡೆಯುತ್ತಿದೆ, ಪುಟದ ಸ್ಕ್ರಿಪ್ಟ್ ಬರೆದ ಕುಕಿಗಳ ಆಯಸ್ಸನ್ನೂ 7 ದಿನಕ್ಕೆ ಇಳಿಸಿದೆ. ಕ್ರೋಮಿನ ಕಥೆ ಬೇರೆ. ಹೊರಗಿನವರ ಕುಕಿಗಳನ್ನು ಎರಡು ವರ್ಷದೊಳಗೆ ತೆಗೆಯುತ್ತೇವೆ ಎಂದು ಗೂಗಲ್ 2020ರ ಜನವರಿಯಲ್ಲಿ ಹೇಳಿತು, ಮುಂದೂಡುತ್ತ ಬಂದು 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಹಾಗಾಗಿ ನೀವೇ ಮಾಡಬೇಕು: ಸೆಟ್ಟಿಂಗ್ಸ್, 'ಪ್ರೈವಸಿ ಅಂಡ್ ಸೆಕ್ಯೂರಿಟಿ', 'ಥರ್ಡ್ ಪಾರ್ಟಿ ಕುಕೀಸ್', ಅಲ್ಲಿ 'ಬ್ಲಾಕ್'. ಇನ್‌ಕಾಗ್ನಿಟೋದಲ್ಲಿ (ಖಾಸಗಿ ಕಿಟಕಿಯಲ್ಲಿ) ಇದು ಮೊದಲೇ ಚಾಲೂ ಇರುತ್ತದೆ, ಮಾಮೂಲಿ ಕಿಟಕಿಯಲ್ಲಿ ಇರುವುದಿಲ್ಲ.

ಇದಾದ ಮೇಲೆ ಕೆಲವು ಕಡೆ ತೊಂದರೆ ಆಗಬಹುದು. ಬೇರೊಂದು ಡೊಮೈನಿನ ಚೌಕಟ್ಟಿನೊಳಗೆ ತೆರೆಯುವ ಹಣಪಾವತಿ ಪುಟ ಸುತ್ತುತ್ತಲೇ ಇರುತ್ತದೆ, 'ಗೂಗಲ್ ಮೂಲಕ ಲಾಗಿನ್' ಒತ್ತಿದರೆ ಮತ್ತೆ ಲಾಗಿನ್ ಪುಟಕ್ಕೇ ಬರುತ್ತದೆ. ಆಗ ಇಡೀ ರಕ್ಷಣೆಯನ್ನು ತೆಗೆಯಬೇಡಿ. ಕ್ರೋಮಿನಲ್ಲಿ ವಿಳಾಸಪಟ್ಟಿಯ ಕಣ್ಣಿನ ಚಿಹ್ನೆ, ಫೈರ್‌ಫಾಕ್ಸಿನಲ್ಲಿ ಗುರಾಣಿಯ ಚಿಹ್ನೆ ಒತ್ತಿ ಆ ಒಂದು ಸೈಟಿಗೆ ಮಾತ್ರ ಸಡಿಲ ಬಿಡಿ.

ಮುಂದಿನದು ಸ್ಕ್ರಿಪ್ಟುಗಳನ್ನೇ ಒಳಗೆ ಬಿಡದಿರುವುದು. ಫೈರ್‌ಫಾಕ್ಸಿಗೆ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಉಪಕರಣ) ಹಾಕಿ, ಆಂಡ್ರಾಯ್ಡ್ ಫೈರ್‌ಫಾಕ್ಸಿನಲ್ಲೂ ಅದು ಕೆಲಸ ಮಾಡುತ್ತದೆ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ್ದರಿಂದ ಅಲ್ಲಿ ಸಿಗುವುದು ಯುಬ್ಲಾಕ್ ಒರಿಜಿನ್ ಲೈಟ್ ಮಾತ್ರ. ಫೈರ್‌ಫಾಕ್ಸಿನದ್ದಕ್ಕೆ ನಾನು ಒತ್ತು ಕೊಡಲು ಕಾರಣವಿದೆ. ಕೆಲವು ಟ್ರ್ಯಾಕರುಗಳು ನೀವು ನೋಡುವ ಸೈಟಿನದೇ ಉಪಡೊಮೈನಿನ ವೇಷ ಹಾಕಿ, ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರು ಯಾವ ಸರ್ವರಿನದೆಂದು ಹೇಳುವ ವ್ಯವಸ್ಥೆಯಲ್ಲಿ) ಸಿನೇಮ್ ದಾಖಲೆಯ, ಅಂದರೆ 'ಈ ಹೆಸರು ಆ ಹೆಸರಿನದೇ' ಎಂಬ ನಮೂದಿನ ಮೂಲಕ ತಮ್ಮ ಸರ್ವರಿಗೆ ತಿರುಗಿಸಿಕೊಳ್ಳುತ್ತವೆ. ಹೊರಗಿನವನು ಮನೆಯವನ ಅಂಗಿ ತೊಟ್ಟು ಬಂದರೆ 'ಹೊರಗಿನವರನ್ನು ತಡೆ' ಎಂಬ ನಿಯಮ ಏನು ಮಾಡೀತು? ಆ ದಾಖಲೆಯನ್ನು ಬಿಡಿಸಿ ನೋಡುವ ಅವಕಾಶವನ್ನು ಎಕ್ಸ್‌ಟೆನ್ಶನ್‌ಗೆ ಫೈರ್‌ಫಾಕ್ಸ್ ಕೊಡುತ್ತದೆ, ಕ್ರೋಮ್ ಕೊಡುವುದಿಲ್ಲ. ಹೀಗೆಂದು ಐದಾರು ತಡೆಗಳನ್ನು ಒಟ್ಟಿಗೆ ಹಾಕಬೇಡಿ. ಒಂದರ ಕಾಲಿಗೆ ಒಂದು ತೊಡರಿ ಪುಟ ಕೆಡುತ್ತದೆ.

ವಾಟ್ಸಾಪಿನಲ್ಲಿ ಬರುವ ಲಿಂಕುಗಳ ಬಾಲವನ್ನೂ ಗಮನಿಸಿ. ಪ್ರಶ್ನಾರ್ಥಕ ಚಿಹ್ನೆಯ ನಂತರ ಎಫ್‌ಬಿಕ್ಲಿಡ್, ಜಿಕ್ಲಿಡ್ ಎಂದು ಶುರುವಾಗುವ ಉದ್ದನೆಯ ಅಕ್ಷರಸರ ನಿಮ್ಮ ಕ್ಲಿಕ್ಕಿನ ಗುರುತು. ಕುಕಿ ಇಲ್ಲದೆಯೇ ಒಂದು ಸೈಟಿನಿಂದ ಇನ್ನೊಂದಕ್ಕೆ ಅದು ದಾಟುತ್ತದೆ. ಯೂಟ್ಯೂಬಿನ ಹಂಚಿಕೆ ಲಿಂಕಿನಲ್ಲಿ 'ಎಸ್‌ಐ', ಇನ್‌ಸ್ಟಾಗ್ರಾಮಿನದರಲ್ಲಿ 'ಐಜಿಎಸ್‌ಎಚ್' ಎಂದು ಬರುವುದೂ ಇದೇ ಜಾತಿ. ಅಳಿಸಿ ಕಳಿಸಿ. ಆದರೆ ಕಣ್ಣು ಮುಚ್ಚಿ ಪ್ರಶ್ನಾರ್ಥಕದಿಂದಾಚೆಗೆ ಎಲ್ಲವನ್ನೂ ಕತ್ತರಿಸಬೇಡಿ, ಯೂಟ್ಯೂಬಿನ ಉದ್ದ ವಿಳಾಸದಲ್ಲಿ ವಿಡಿಯೊ ಯಾವುದೆಂಬ ಗುರುತು ('ವಿ' ಅಕ್ಷರದ ಮುಂದಿನದು) ಅಲ್ಲೇ ಇರುತ್ತದೆ.

ಮುಚ್ಚಿದಾಗಲೆಲ್ಲ ತಾನಾಗಿ ಅಳಿಯುವಂತೆ ಮಾಡುವುದು ಇಷ್ಟೆಲ್ಲ ಆದ ಮೇಲೆ ಉಪಯೋಗಕ್ಕೆ ಬರುತ್ತದೆ. ಫೈರ್‌ಫಾಕ್ಸಿನಲ್ಲಿ 'ಡಿಲೀಟ್ ಕುಕೀಸ್ ಅಂಡ್ ಸೈಟ್ ಡೇಟಾ ವೆನ್ ಫೈರ್‌ಫಾಕ್ಸ್ ಈಸ್ ಕ್ಲೋಸ್ಡ್' ಎಂಬುದಕ್ಕೆ ಗುರುತು ಹಾಕಿ, ನಿಮಗೆ ಬೇಕಾದ ಮೂರ್ನಾಲ್ಕು ಸೈಟುಗಳನ್ನು ವಿನಾಯಿತಿ ಪಟ್ಟಿಗೆ ಸೇರಿಸಿ. ಸೈಟಿನ ವಿಳಾಸ ಒಂದು, ಅದರ ಲಾಗಿನ್ ಪುಟದ ವಿಳಾಸ ಇನ್ನೊಂದು ಇರುವುದುಂಟು. ಜಿಮೇಲಿಗೆ ಗೂಗಲ್ ಅಕೌಂಟ್ಸ್ ವಿಳಾಸವನ್ನೂ ಸೇರಿಸದಿದ್ದರೆ ದಿನಾ ಪಾಸ್‌ವರ್ಡ್ ಕೇಳುತ್ತದೆ.

ಫೋನಿನಲ್ಲಿ ಬ್ರೌಸರ್ ಒಂದನ್ನು ಸರಿಮಾಡಿದರೆ ಸಾಲದು. 2025ರ ಜೂನಿನಲ್ಲಿ ಸಂಶೋಧಕರು ಬಯಲಿಗೆ ತಂದ ಸಂಗತಿ ನೋಡಿ: ಆಂಡ್ರಾಯ್ಡ್ ಫೋನಿನ ಬ್ರೌಸರಿನಲ್ಲಿ ತೆರೆದ ಪುಟದೊಳಗಿನ ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮಿನ ಕಂಪನಿ) ಮತ್ತು ರಷ್ಯಾದ ಯಾಂಡೆಕ್ಸ್ ಸ್ಕ್ರಿಪ್ಟುಗಳು, ಅದೇ ಫೋನಿನಲ್ಲಿದ್ದ ಆ ಕಂಪನಿಗಳ ಆ್ಯಪ್‌ಗಳ ಜೊತೆ ಫೋನಿನ ಒಳಗಿನ ಪೋರ್ಟ್ ಮೂಲಕವೇ ಮಾತಾಡುತ್ತಿದ್ದವು. ಕುಕಿ ಅಳಿಸಿದರೂ ಆ್ಯಪಿನೊಳಗೆ ಲಾಗಿನ್ ಆಗಿರುವವರು ಯಾರೆಂದು ಹೊಂದಿಸಿಕೊಳ್ಳುವುದಕ್ಕೆ ಇದರಿಂದ ದಾರಿಯಾಯಿತು. ಸುದ್ದಿಯಾದ ಮೇಲೆ ಅದನ್ನು ನಿಲ್ಲಿಸಿದರು. ಬಳಸದ ಆ್ಯಪ್ ತೆಗೆದುಹಾಕಿ. ಆಂಡ್ರಾಯ್ಡ್ ಸೆಟ್ಟಿಂಗ್ಸಿನ ಪ್ರೈವಸಿ ಭಾಗದಲ್ಲಿ 'ಆ್ಯಡ್ಸ್' ಹುಡುಕಿ 'ಡಿಲೀಟ್ ಅಡ್ವರ್ಟೈಸಿಂಗ್ ಐಡಿ' ಒತ್ತಿ. ಐಫೋನಿನಲ್ಲಿ 'ಟ್ರ್ಯಾಕಿಂಗ್' ಕೆಳಗೆ ಆ್ಯಪ್‌ಗಳು ಅನುಮತಿ ಕೇಳುವುದನ್ನೇ ಆಫ್ ಮಾಡಿಬಿಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಒಳಗೇ ತೆರೆಯುವ ಪುಟ ನಿಮ್ಮ ಬ್ರೌಸರ್ ಅಲ್ಲ, ನೀವು ಹಾಕಿದ ಯಾವ ತಡೆಯೂ ಅಲ್ಲಿ ಇರುವುದಿಲ್ಲ. ಮೂರು ಚುಕ್ಕೆ ಒತ್ತಿ ಹೊರಗಿನ ಬ್ರೌಸರಿನಲ್ಲಿ ತೆರೆಯಿರಿ.

ನಿಮ್ಮ ಪರೀಕ್ಷೆಯಲ್ಲಿ ಸಂಖ್ಯೆಗಳು ಸರಿಯಾಗಿ ಬದಲಾಗಿದ್ದರೆ ನನ್ನ ಮೊದಲ ಅನುಮಾನ ನಿಮ್ಮ ಮೊಬೈಲ್ ನಂಬರಿನ ಮೇಲೆ. ನಮ್ಮಲ್ಲಿ ಓಟಿಪಿ ಇಲ್ಲದೆ ಲಾಗಿನ್ ಇಲ್ಲ, ಮಾರ್ಟಿನ ಬಿಲ್ಲಿಂಗ್ ಕೌಂಟರಿನಲ್ಲೂ ನಂಬರ್ ಕೇಳುತ್ತಾರೆ. ಅಂಗಡಿಯವರು ನಂಬರುಗಳ ಪಟ್ಟಿಯನ್ನು ಹ್ಯಾಶ್ ಮಾಡಿ (ಪ್ರತಿ ನಂಬರನ್ನೂ ಒಂದು ಗೂಢ ಅಕ್ಷರಸರವಾಗಿ ಬದಲಿಸಿ) ಜಾಹೀರಾತು ಜಾಲಕ್ಕೆ ಏರಿಸಿದರೆ, ಅದೇ ನಂಬರಿನ ಖಾತೆ ಅಲ್ಲಿ ತಾಳೆಯಾಗುತ್ತದೆ. ಇದಕ್ಕೆ ಕುಕಿಯೇ ಬೇಡ. ಕೌಂಟರಿನಲ್ಲಿ 'ನಂಬರ್ ಬೇಡ, ಬಿಲ್ ಕೊಡಿ' ಎಂದು ಧೈರ್ಯವಾಗಿ ಹೇಳಿ. ಗೂಗಲ್ ಖಾತೆಯ 'ಮೈ ಆ್ಯಡ್ ಸೆಂಟರ್'ನಲ್ಲಿ ವೈಯಕ್ತಿಕ ಜಾಹೀರಾತನ್ನು ಆಫ್ ಮಾಡಿ. ಮೆಟಾ ಖಾತೆಯಲ್ಲಿ 'ಯುವರ್ ಆ್ಯಕ್ಟಿವಿಟಿ ಆಫ್ ಮೆಟಾ ಟೆಕ್ನಾಲಜೀಸ್' ಹುಡುಕಿ, ಹಳೆಯದನ್ನು ಅಳಿಸುವುದರ ಜೊತೆಗೆ ಮುಂದಿನದನ್ನೂ ಕಡಿದುಹಾಕಿ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು.

ಕೊನೆಗೆ ಬೆರಳಚ್ಚಿನ ವಿಷಯ. ಪರದೆಯ ಅಳತೆ, ಫಾಂಟುಗಳು, ಗ್ರಾಫಿಕ್ಸ್ ಚಿಪ್ಪಿನ ನಡವಳಿಕೆ ಕೂಡಿಸಿದರೆ ಬ್ರೌಸರ್ ಗುರುತಾಗುತ್ತದೆ. 2010ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆ ಪರೀಕ್ಷಿಸಿದ ಬ್ರೌಸರುಗಳಲ್ಲಿ 83.6% ಒಂದಕ್ಕೊಂದು ಹೋಲದವು. ಕನ್ನಡಿಗರು ಇಲ್ಲಿ ಒಂದು ಗಮನಿಸಬೇಕು. ವಿಂಡೋಸಿನಲ್ಲಿ ನುಡಿ, ಬರಹ ಫಾಂಟುಗಳನ್ನು ಹಾಕಿಕೊಂಡವರು ಜಗತ್ತಿನ ಲೆಕ್ಕದಲ್ಲಿ ಬಹಳ ಕಡಿಮೆ, ಹಾಗಾಗಿ ಆ ಫಾಂಟ್ ಪಟ್ಟಿಯೇ ನಮ್ಮನ್ನು ಎತ್ತಿ ತೋರಿಸುತ್ತದೆ. ಹೊರಗಿನಿಂದ ಹಾಕಿದ ಫಾಂಟುಗಳನ್ನು ಪುಟಗಳಿಂದ ಮರೆಮಾಡುವ ರಕ್ಷಣೆ ಫೈರ್‌ಫಾಕ್ಸಿನ ಬಿಗಿ ವ್ಯವಸ್ಥೆಯಲ್ಲಿದೆ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಪುಟ ಆಗ ಅಕ್ಷರ ಕಲಸಿ ಕಂಡರೆ ಹೆದರಬೇಡಿ, ಗುರಾಣಿ ಒತ್ತಿ ಅದಕ್ಕಷ್ಟೇ ಸಡಿಲಿಸಿ. 'ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್' ಎಂಬ ಒಳಗಿನ ಸ್ವಿಚ್ಚನ್ನು ದಿನಬಳಕೆಗೆ ನಾನು ಹೇಳುವುದಿಲ್ಲ. ಅದು ನಿಮ್ಮ ಗಡಿಯಾರವನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ತೋರಿಸುತ್ತದೆ, ಕೆಲವು ಸೈಟುಗಳಲ್ಲಿ ಹೊತ್ತು ಐದೂವರೆ ಗಂಟೆ ಹಿಂದೆ ಕಾಣುತ್ತದೆ. ಅಷ್ಟು ಬಿಗಿ ಬೇಕಾದ ಕೆಲಸಕ್ಕೆ, ಗುರುತು ಮರೆಸಲೆಂದೇ ಮಾಡಿದ ಮುಲ್ವಾಡ್ ಬ್ರೌಸರ್ ಅಥವಾ ಟಾರ್ ಬ್ರೌಸರನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ.

ಇಷ್ಟೂ ಮಾಡಿ ಎರಡು ವಾರ ಬಿಟ್ಟ ಮೇಲೂ ಮಿಕ್ಸಿ ಕಂಡರೆ ಮನೆಯಲ್ಲಿ ಬೇರೆ ಯಾರಾದರೂ ಅದನ್ನು ಹುಡುಕುತ್ತಿದ್ದಾರಾ ಕೇಳಿ. ಒಂದೇ ವೈಫೈಯಲ್ಲಿರುವ ಫೋನುಗಳೆಲ್ಲ ಹೊರಗೆ ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಿಂದ ಕಾಣುತ್ತವೆ, ಜಾಹೀರಾತಿನವರು ಅದನ್ನು ಒಂದು ಮನೆ ಎಂದು ಲೆಕ್ಕ ಹಿಡಿಯುತ್ತಾರೆ. ಹೊಸ ಖಾಸಗಿ ಕಿಟಕಿಯಲ್ಲಿ ಅದೇ ಪುಟವನ್ನು ಒಮ್ಮೆ ವೈಫೈಯಲ್ಲಿ, ಒಮ್ಮೆ ಮೊಬೈಲ್ ಡೇಟಾದಲ್ಲಿ ನಾಲ್ಕೈದು ಸಲ ತೆರೆದು ನೋಡಿ. ವೈಫೈಯಲ್ಲಿ ಮಾತ್ರ ಮಿಕ್ಸಿ ಬರುತ್ತಿದ್ದರೆ ನಿಮ್ಮ ಬ್ರೌಸರ್ ಸರಿಯಾಗಿದೆ, ಮನೆಯ ಉಳಿದ ಫೋನುಗಳಿಗೂ ಇದೇ ಸೆಟ್ಟಿಂಗ್ ಮಾಡಿಕೊಡಿ.