ಬಳ್ಳಾರಿಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ: ನಲ್ಲಿಗೆ ಮೋಟರ್ ಕೂರಿಸಲೋ, ಬೋರ್ ಕೊರೆಸಲೋ?

ನೀರು ವಾರಕ್ಕೊಮ್ಮೆ ಬರುತ್ತದೆ, ಬಂದರೂ ಸಣ್ಣಗೆ ಬರುತ್ತದೆ, ನಲ್ಲಿಯ ಪೈಪಿಗೇ ಮೋಟರ್ ಹಾಕಲೋ, ಬೋರ್ ಕೊರೆಸಲೋ ಎಂದು ಕೇಳಿದ್ದೀರಿ. ಕುಡಿಯುವ ನೀರಿಗೆ ಎರಡೂ ಬೇಡ. ಹನ್ನೆರಡು ವರ್ಷದ ಹಿಂದೆ ಕೌಲ್ ಬಜಾರಿನ ಮನೆಯಲ್ಲಿ ನಾನೂ ಇದೇ ಲೆಕ್ಕ ಹಾಕಿ ಮೋಟರ್ ಕೂರಿಸಿದ್ದೆ. ಅದರ ನೋವು ಉಂಡವಳು ನನ್ನ ಮಗಳು.

ಆಗ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು, ಅದೂ ರಾತ್ರಿ ಒಂದೋ ಎರಡೋ ಗಂಟೆಗೆ. ‘ನೀರು ಬಿಟ್ಟರು’ ಎಂದು ಯಾರಾದರೂ ಕೂಗಿದರೆ ಓಣಿಯುದ್ದಕ್ಕೂ ದೀಪ ಹತ್ತುತ್ತಿದ್ದವು. ಕೊಡ, ಹಂಡೆ, ಡ್ರಮ್ಮು, ಬಕೆಟ್ಟು ಎಲ್ಲವೂ ಸಾಲಾಗಿ ಬರುತ್ತಿದ್ದವು. ನಮ್ಮದು ಓಣಿಯ ಕೊನೆಯ ಮನೆ. ಮೇಲಿನ ಮನೆಗಳವರು ಒಬ್ಬೊಬ್ಬರಾಗಿ ಮೋಟರ್ ಹಾಕಿಕೊಂಡ ಮೇಲೆ ನಮ್ಮ ನಲ್ಲಿಯಲ್ಲಿ ನೀರು ನೂಲಿನೆಳೆಯಂತೆ ಇಳಿಯತೊಡಗಿತು. ನಾನೂ ಅರ್ಧ ಎಚ್‌ಪಿ ಮೋಟರ್ ತಂದು ಪೈಪಿಗೆ ಜೋಡಿಸಿದೆ. ಒಂದು ಗಂಟೆಯೊಳಗೆ ಮಾಳಿಗೆಯ ಸಿಂಟೆಕ್ಸ್ ತುಂಬಿತು. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ತಪ್ಪು ಎಲ್ಲಿ ಆಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಮೋಟರ್ ನೀರನ್ನಷ್ಟೇ ಎಳೆಯುತ್ತದೆ ಎಂದು ನಾನು ತಿಳಿದಿದ್ದೆ. ಪೈಪಿನಲ್ಲಿ ಎಲ್ಲಾದರೂ ತೂತಿದ್ದರೆ ಅದರ ಹೊರಗೆ ಇರುವುದನ್ನೂ ಅದು ಎಳೆಯುತ್ತದೆ. ಪೈಪು ಒತ್ತಡದಲ್ಲಿ ತುಂಬಿದ್ದಾಗ ತೂತಿನಿಂದ ಒಳಗಿನ ನೀರು ಹೊರಕ್ಕೆ ಚಿಮ್ಮುತ್ತದೆ, ಹೊರಗಿನ ಕೊಳೆ ಒಳಕ್ಕೆ ನುಗ್ಗಲಾರದು. ಮೋಟರ್ ಹೀರತೊಡಗಿದೊಡನೆ ಇದು ತಿರುಗುಮುರುಗಾಗುತ್ತದೆ. ಇನ್ನು ನೀರು ಬಾರದ ಏಳು ದಿನ ಪೈಪು ಖಾಲಿ ಬಿದ್ದಿರುತ್ತದೆ. ಆ ಏಳು ದಿನವೂ ಸುತ್ತಲಿನ ಕೊಳೆ ಅದರೊಳಗೆ ಜಿನುಗುತ್ತಿರುತ್ತದೆ. ಎಂಟನೆಯ ದಿನ ನೀವು ಮೊದಲು ಎಳೆದುಕೊಳ್ಳುವುದು ಅದನ್ನೇ. ನಮ್ಮ ಪೈಪು ಹಾದುಹೋಗಿದ್ದು ಮನೆಮುಂದಿನ ಚರಂಡಿಯ ಒಳಗಿನಿಂದ. ಮನೆ ಕಟ್ಟಿಸುವಾಗ ಅದನ್ನು ಕಣ್ಣಾರೆ ಕಂಡಿದ್ದೆ. ಅಡ್ಡಲಾಗಿ ಅಗೆದು ಕೆಳಗಿನಿಂದ ಹಾಯಿಸಬಹುದಿತ್ತು. ಕೂಲಿ ಉಳಿಯಲಿ ಎಂದು ಸುಮ್ಮನಿದ್ದೆ.

ಎರಡು ತಿಂಗಳಲ್ಲಿ ಮಗಳಿಗೆ ಕಾಮಾಲೆಯಾಯಿತು. ಒಂಬತ್ತು ವರ್ಷದ ಮಗು, ಕಣ್ಣು ಅರಿಸಿನದ ಬಣ್ಣ, ಗಂಜಿಯೂ ನಿಲ್ಲುತ್ತಿರಲಿಲ್ಲ. ವೈದ್ಯರು ಮೊದಲು ಕೇಳಿದ್ದು ‘ಮನೆಗೆ ನೀರು ಎಲ್ಲಿಂದ?’ ಎಂದು. ಚರಂಡಿಯ ಕಲ್ಲು ಎತ್ತಿಸಿದೆ. ಕಪ್ಪು ರಾಡಿಯಲ್ಲಿ ಮುಳುಗಿದ್ದ ಜಿಐ ಪೈಪು, ಅದರ ಮೊಣಕೈ ತಿರುವಿನಲ್ಲಿ ತುಕ್ಕು ತಿಂದು ಕಿರುಬೆರಳು ತೂರುವಷ್ಟು ತೂತು. ತೂತಿನ ಅಂಚಿಗೆ ಒಂದು ಪ್ಲಾಸ್ಟಿಕ್ ಚೂರು ಒಳಮುಖವಾಗಿ ಅಂಟಿಕೊಂಡಿತ್ತು. ಮೋಟರ್ ಅದನ್ನು ಎಷ್ಟು ಬಲವಾಗಿ ಎಳೆದಿತ್ತು ಎಂಬುದು ಅಲ್ಲೇ ಕಾಣುತ್ತಿತ್ತು. ಎದುರುಮನೆಯ ಅಜ್ಜಿಯ ನಲ್ಲಿ ನಾನು ಮೋಟರ್ ಹಾಕಿದಂದಿನಿಂದ ಒಣಗಿ, ಅವರು ನಮ್ಮ ಮನೆಯಿಂದಲೇ ಕೊಡ ಒಯ್ಯುತ್ತಿದ್ದರು. ಅವರಿಗೂ ಅದೇ ನೀರು ಕುಡಿಸಿದ್ದೆ. ಅವರಿಗೆ ಏನೂ ಆಗಲಿಲ್ಲ ಎಂಬುದೇ ದೊಡ್ಡದು.

ಬೋರ್ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬಳಸಲು ಸರಿ, ಕುಡಿಯಲು ಬೇಡ. ನಮ್ಮ ಭಾಗದ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಅಂಶ ಹೆಚ್ಚುತ್ತದೆ.

ಊರಿಗೇ ನೀರಿಲ್ಲ, ಮನೆಯವರು ಏನು ಮಾಡಬೇಕು ಎಂದೂ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ, ಅದು ನಿಜ. ಬೇಸಿಗೆಯಲ್ಲಿ ಆ ಜಲಾಶಯದ ಕಾಲುವೆ ನಿಂತಾಗ ನಗರ ಅಲ್ಲಿಪುರ, ಮೋಕಾ ಕೆರೆಗಳಲ್ಲಿ ತುಂಬಿಟ್ಟ ನೀರಿನ ಮೇಲೆ ದಿನ ದೂಡಬೇಕು, ಅದೂ ನಿಜ. ಆದರೆ ಹೊಸ ನೀರು ಬಂದ ರಾತ್ರಿ ನಮ್ಮ ಓಣಿಯಲ್ಲಿ ಡ್ರಮ್ಮುಗಟ್ಟಲೆ ಹಳೆಯ ನೀರನ್ನು ಮೋರಿಗೆ ಚೆಲ್ಲುತ್ತಿದ್ದೆವು. ಮತ್ತೆ ಯಾವಾಗ ಬರುತ್ತದೋ ಎಂಬ ಭಯಕ್ಕೆ ಬೇಕಾದ್ದಕ್ಕಿಂತ ಹೆಚ್ಚು ತುಂಬುತ್ತಿದ್ದೆವು, ಬಂದಾಗ ಸುರಿಯುತ್ತಿದ್ದೆವು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಕೊಟ್ಟು ತೋರಿಸಿದ್ದಾರೆ. ಹಗಲಿರುಳು ನಲ್ಲಿ ತಿರುವಿಕೊಂಡಿರಲಿ ಎಂದಲ್ಲ, ಪೈಪು ಸದಾ ತುಂಬಿದ್ದರೆ ಕೊಳೆಗೆ ಒಳನುಗ್ಗಲು ದಾರಿಯೇ ಇರುವುದಿಲ್ಲ ಎಂಬುದೇ ಅದರ ದೊಡ್ಡ ಲಾಭ. ನಿಮ್ಮ ವಾರ್ಡಿನ ಸದಸ್ಯರನ್ನು ಕೇಳುವುದಾದರೆ ಟ್ಯಾಂಕರ್ ಕೇಳಬೇಡಿ, ಪೈಪಿನಲ್ಲಿ ಒತ್ತಡ ಕೇಳಿ.

ನಾನು ಆಮೇಲೆ ಮಾಡಿದ್ದು ಇಷ್ಟು. ಮೋಟರ್ ಕಿತ್ತೆ. ಅಂಗಳದಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಸಂಪ್ ಕಟ್ಟಿಸಿದೆ, ಒತ್ತಡ ಕಡಿಮೆಯಿದ್ದರೂ ನೀರು ತಾನಾಗಿ ಅದಕ್ಕೆ ಇಳಿಯುತ್ತದೆ. ಅದೇ ಮೋಟರನ್ನು ಸಂಪಿನಿಂದ ಮಾಳಿಗೆಗೆ ಏರಿಸಲು ಮಾತ್ರ ಬಳಸಿದೆ. ಮೇಲಿನ ನಾಲ್ಕು ಮನೆಗಳಿಗೆ ಹೋಗಿ ಆ ತುಕ್ಕು ಹಿಡಿದ ತಿರುವನ್ನು ಕೈಗೆ ಕೊಟ್ಟು ತೋರಿಸಿದೆ. ಮೂವರು ತಮ್ಮ ಮೋಟರ್ ತೆಗೆಸಿದರು. ಮುಂದಿನ ಸರದಿಯಲ್ಲಿ ಅಜ್ಜಿಯ ನಲ್ಲಿಯಲ್ಲಿ ಧಾರೆ ಬಿತ್ತು.

ವಾರಗಟ್ಟಲೆ ನಿಂತ ನೀರಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲ, ಆದ್ದರಿಂದ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ಮತ್ತು ನೆಲಕ್ಕೆ ಕಲ್ಲು ಹಾಸುವ ಮುನ್ನ, ನಾಳೆಯೇ, ಮನೆಮುಂದಿನ ಚರಂಡಿಯ ಕಲ್ಲು ಎತ್ತಿಸಿ ನಿಮ್ಮ ಪೈಪು ಎಲ್ಲಿ ಹಾಯುತ್ತದೆ ಎಂದು ನೋಡಿ. ಕೊಳಾಯಿ ಕೆಲಸದವರು ಅಗೆಯಲು ಹೆಚ್ಚು ಕೂಲಿ ಕೇಳಿದರೆ ಕೊಟ್ಟುಬಿಡಿ.