ಸ್ಕೀ ಟೂರಿಂಗ್ ಬೂಟು ಎಷ್ಟು ಗಟ್ಟಿ ಇರಬೇಕು?

ಚಿಕ್ಕಬಳ್ಳಾಪುರದಲ್ಲಿ ಕೂತು ಗುಲ್ಮಾರ್ಗ್‌ಗೆ ಬೂಟು ಆರಿಸ್ತಿದ್ದೀನಿ, ಫ್ಲೆಕ್ಸ್ (ಬೂಟಿನ ಗಟ್ಟಿತನದ ನಂಬರು) 100 ಸಾಕಾ, 130 ಬೇಕಾ ಅಂತ ಕೇಳಿದ್ದೀರಿ. ಸ್ಕೀ ಟೂರಿಂಗ್ ಅಂದರೆ ಸ್ಕೀ ಕಟ್ಟಿಕೊಂಡೇ ಹಿಮದ ಬೆಟ್ಟ ಹತ್ತಿ ಇಳಿಯೋದು. ನೀವು ಹತ್ತೋದು ಹೆಚ್ಚೋ ಇಳಿಯೋದು ಹೆಚ್ಚೋ, ಅದರ ಮೇಲೆ ಹೋಗುತ್ತೆ.

ಸ್ಕಂದಗಿರಿ ಹತ್ತುವಾಗ ಹೆಜ್ಜೆಹೆಜ್ಜೆಗೂ ಕಣಕಾಲು ಮುಂದಕ್ಕೆ ಬಾಗುತ್ತಲ್ಲ, ಸ್ಕೀ ಕಟ್ಟಿಕೊಂಡು ಹಿಮ ಹತ್ತುವಾಗಲೂ ಅದೇ ಬೇಕು. ಅದಕ್ಕೇ ಬೂಟಿನ ಹಿಂದೊಂದು ಲಿವರ್: ಬಿಚ್ಚಿದರೆ ನಡಿಗೆಗೆ, ಹಾಕಿದರೆ ಇಳಿಯೋಕೆ. ದಿನವಿಡೀ ಹತ್ತೋರಿಗೆ ಒಂದೊಂದು ಸುಮಾರು 1 ಕೆ.ಜಿ. ತೂಗುವ ಹಗುರ ಬೂಟೇ ಸರಿ. ಗೊಂಡೋಲಾದಲ್ಲಿ (ಕೇಬಲ್ ಕಾರಿನಲ್ಲಿ) ಮೇಲೆ ಹೋಗಿ ಅಗಲದ ಸ್ಕೀಯಲ್ಲಿ ಜೋರಾಗಿ ಇಳಿಯೋರು 120–130 ನೋಡ್ತಾರೆ. ತೂಕ ಒಂದೂವರೆ ಕೆ.ಜಿ. ಆಸುಪಾಸು. ಹೊಸಬರಿಗೆ ನನ್ನ ಪ್ರಕಾರ 100 ಧಾರಾಳ. ಅತಿ ಗಟ್ಟಿಯಾದರೆ ಬೂಟು ಬಾಗೋದಿಲ್ಲ, ಮೈ ಹಿಂದಕ್ಕೆ ವಾಲಿ ಸ್ಕೀ ಹಿಡಿತ ತಪ್ಪುತ್ತೆ.

ಆ ನಂಬರನ್ನೂ ಪೂರ್ತಿ ನಂಬಬೇಡಿ. ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಅದಕ್ಕಿಲ್ಲ; ಒಬ್ಬರ 110 ಇನ್ನೊಬ್ಬರ 120 ಇರಬಹುದು. ಮೇಲಾಗಿ ಚಳಿಗೆ ಪ್ಲಾಸ್ಟಿಕ್ ಬಿಗಿಯುತ್ತೆ. ನಮ್ಮೂರ ಸೆಕೆಯಲ್ಲಿ ಮೆತ್ತಗೆ ಬಾಗಿದ್ದು ಅಲ್ಲಿ ಮರದ ಕೊರಡು!

ಗಟ್ಟಿತನಕ್ಕಿಂತ ಅಳತೆ ಮುಖ್ಯ. ಒಳಗಿನ ಲೈನರ್ ತೆಗೆದು ಬರೀ ಹೊರಚಿಪ್ಪಿನಲ್ಲಿ ಕಾಲಿಡಿ, ಬೆರಳ ತುದಿ ಮುಂದೆ ತಾಗಿಸಿ. ಹಿಮ್ಮಡಿಯ ಹಿಂದೆ ಕೈಯ ಒಂದೂವರೆ ಬೆರಳಿನ ಅಗಲದಷ್ಟು ಜಾಗ ಇದ್ದರೆ ಸರಿ. ಮೂರು ಬೆರಳು ಸಲೀಸಾಗಿ ಇಳಿದರೆ ಬೇಡ, ಎಷ್ಟೇ ರಿಯಾಯಿತಿ ಕೊಡಲಿ. ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಪಿನ್ನಿನದಾದರೆ, ಆ ಪಿನ್ನು ಕೂರೋಕೆ ಬೂಟಿನ ಮೂತಿಯಲ್ಲಿ ಎರಡು ಪುಟ್ಟ ಲೋಹದ ಗುಳಿ ಇವೆಯಾ ಅಂತಲೂ ನೋಡಿಕೊಳ್ಳಿ.